ಎಲಿಯೇಜರ ಎದ್ದು ನಿಂತ ಭಾನುವಾರ

ಎಲಿಯೇಜರ ಕರ್ಕಡನ ಆ ದಿನದ ಗ್ರಹಚಾರಕ್ಕೆಲ್ಲ ಕಾರಣ ಅವನ ಮೊಣಕಾಲು. ಅದರಲ್ಲಿ ನೋವಿರಲಿಲ್ಲ, ವಾತ ಇರಲಿಲ್ಲ. ಇದ್ದದ್ದು ಊರಿನ ಅಭ್ಯಾಸ. ಉಡುಪಿ ಕಡೆಯ ಅವನ ಹಳೇ ಬಾಸೆಲ್ ಮಿಶನ್ ಸಭೆಯಲ್ಲಿ ಜನ ಕೂತು ಹಾಡುತ್ತಿದ್ದರು, ನಿಂತು ಪ್ರಾರ್ಥಿಸುತ್ತಿದ್ದರು. ಜರ್ಮನಿ ಕಡೆಯಿಂದ ಬಂದ ಪಾದ್ರಿಗಳು ಹಾಗೆ ಕಲಿಸಿ ಹೋಗಿದ್ದರು, ಇವನ ಮುತ್ತಜ್ಜಂದಿರು ಹಾಗೇ ಕಲಿತಿದ್ದರು. ತಿರುವನಂತಪುರಕ್ಕೆ ವರ್ಗವಾಗಿ ಬಂದು ಸಂತ ತಿಮೊಥಿಯ ಚರ್ಚಿಗೆ ಕಾಲಿಟ್ಟರೆ ಎಲ್ಲ ತಿರುಗುಮುರುಗು. ಅದು ಇಂಗ್ಲಿಷರ ಕಾಲದ ಆಂಗ್ಲಿಕನ್ ಚರ್ಚು. ಅಲ್ಲಿ ನಿಂತು ಹಾಡಬೇಕು, ಮೊಣಕಾಲೂರಿ ಪ್ರಾರ್ಥಿಸಬೇಕು, ಬೈಬಲ್ ಓದುವಾಗ ಕೂರಬೇಕು, ಆದರೆ ಅದರಲ್ಲೇ ಯೇಸುವಿನ ಸುವಾರ್ತೆಯ ಭಾಗ ಓದುವಾಗ ಮತ್ತೆ ಏಳಬೇಕು.

ವರ್ಷಗಟ್ಟಲೆ ಕಳೆದರೂ ಈ ಲೆಕ್ಕಾಚಾರ ಅವನಿಗೆ ಹತ್ತಲಿಲ್ಲ. ಸುವಾರ್ತೆಗೆ ಎದ್ದವನು ಪ್ರಸಂಗ ಶುರುವಾದ ಮೇಲೂ ಒಬ್ಬನೇ ಕಂಬದ ಹಾಗೆ ನಿಂತಿದ್ದದ್ದುಂಟು. ಕೊನೆಗೆ ಒಂದು ಉಪಾಯ ಹುಡುಕಿಕೊಂಡ. ವಾರ್ಡನ್ ಜ್ಞಾನಮುತ್ತು ಅವರ ಹಿಂದಿನ ಬೆಂಚಿನಲ್ಲೇ ಕೂರುವುದು, ಅವರ ಬೋಳುತಲೆ ಎದ್ದರೆ ಏಳುವುದು, ಇಳಿದರೆ ಇಳಿಯುವುದು. ವಾರ್ಡನ್ ಅಂದರೆ ಚರ್ಚಿನ ಆಡಳಿತ ನೋಡುವ ಹಿರಿಯರು. ಜ್ಞಾನಮುತ್ತು ಅವರು ಪೊಲೀಸ್ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು, ನಾಗರಕೋವಿಲಿನವರು. ಅವರ ತಲೆ ಯಾವತ್ತೂ ತಪ್ಪು ಮಾಡಿದ್ದಿಲ್ಲ.

ಸಂತ ತಿಮೊಥಿ ಚರ್ಚು ತೀರಾ ಸಣ್ಣದು. ಮಲಯಾಳಿಗಳು, ತಮಿಳರು, ಒಂದೆರಡು ಆಂಗ್ಲೋ ಇಂಡಿಯನ್ ಮನೆಯವರು, ಎರಡೇ ಎರಡು ಕನ್ನಡದ ಮನೆ. ಆರಾಧನೆ ಇಂಗ್ಲಿಷಿನಲ್ಲಿ, ಜಗಳ ಅವರವರ ಭಾಷೆಯಲ್ಲಿ. ಹೊಸಬರು ಬಂದರೆ ಸಾಕು, ಆರಾಧನೆ ಮುಗಿದ ಮೇಲೆ ಮಾವಿನ ಮರದ ಕೆಳಗೆ ಕೂರಿಸಿ, ಚಹಾ ಕೊಟ್ಟು, ಬಾಳೆಹಣ್ಣಿನ ಪಳಂಪೊರಿ ತಿನ್ನಿಸಿ, ಅವರ ಏಳು ತಲೆಮಾರಿನ ಕತೆ ಹೊರಗೆ ತೆಗೆಯುತ್ತಿದ್ದರು. ಯಾರ ಮನೆಯ ವಿಷಯವೂ ಯಾರಿಗೂ ಹೊರಗಿನದಾಗಿರಲಿಲ್ಲ. ಆ ಸಭೆಯ ಗುಣವೂ ಅದೇ, ದೋಷವೂ ಅದೇ.

ಎರಡು ಕನ್ನಡದ ಮನೆಗಳಲ್ಲಿ ಒಂದು ಎಲಿಯೇಜರನ ಬಾಡಿಗೆ ಕೋಣೆ. ಇನ್ನೊಂದು ಸರಕಾರಿ ಪ್ರೆಸ್ಸಿನಲ್ಲಿ ಫೋರ್‌ಮನ್ ಆಗಿದ್ದ ಸಾಲಿನ್ಸರದು. ಹೆಂಡತಿ ತೀರಿಹೋಗಿ, ಮಗಳು ನಿರ್ಮಲ ಮತ್ತು ಅವರು ಇಬ್ಬರೇ. ನಿರ್ಮಲ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು, ಚರ್ಚಿನಲ್ಲಿ ಹಾಡುವ ತಂಡದಲ್ಲಿ ಎರಡನೇ ಸಾಲಿನವಳು. ಪ್ರತಿ ಭಾನುವಾರ ಎಲಿಯೇಜರನಿಗೆ ಅವರಲ್ಲೇ ಊಟ. ಅವಳು ಬಡಿಸುವಾಗ ಇವನಿಗೆ ಅನ್ನದ ರುಚಿ ತಿಳಿಯುತ್ತಿರಲಿಲ್ಲ, ಅಷ್ಟು ಮನಸ್ಸು ಅವಳ ಮೇಲೆ. ಈ ಕ್ರಿಸ್ಮಸ್ಸಿಗೆ ಕೇಳಿಯೇ ಬಿಡುವುದು ಅಂತ ವರ್ಷ ವರ್ಷವೂ ತೀರ್ಮಾನಿಸುತ್ತಿದ್ದ. ಹೋಗಿ ಕೂತು, ಬಂಗುಡೆ ಮೀನಿನ ಮಾತಾಡಿ, ಎದ್ದು ಬರುತ್ತಿದ್ದ.

ಅಷ್ಟರಲ್ಲಿ ಮೋಹನನ ಸಂಬಂಧ ಬಂತು. ಮಂಗಳೂರು ಕಡೆಯ ಕನ್ನಡದ ಕ್ರೈಸ್ತರೇ, ಕೊಚ್ಚಿಯ ಹತ್ತಿರ ಕಳಮಶ್ಶೇರಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಸಾಲಿನ್ಸರು ಎಲಿಯೇಜರನ ಕೈ ಹಿಡಿದು, "ನೀವು ಮನೆಯವರ ಹಾಗೆ. ಒಮ್ಮೆ ಕೊಚ್ಚಿಗೆ ಹೋಗಿ ಹುಡುಗ ಹೇಗೆ ಅಂತ ನೋಡಿಕೊಂಡು ಬನ್ನಿ," ಅಂದರು. ಬೇರೆ ಯಾರಾದರೂ ಆಗಿದ್ದರೆ ಆಗಲೇ ಬಾಯಿ ಬಿಡುತ್ತಿದ್ದರು. ಇವನು ರೈಲು ಹತ್ತಿದ. ದುರ್ದೈವಕ್ಕೆ ಮೋಹನ ನಿಜವಾಗಿಯೂ ಒಳ್ಳೆಯವನು. ಸುಳ್ಳು ಹೇಳುವ ಧೈರ್ಯವೂ ಇಲ್ಲದ ಎಲಿಯೇಜರ ಹಿಂದೆ ಬಂದು, "ಚಿನ್ನದಂಥ ಹುಡುಗ," ಅಂದ. ಆ ರಾತ್ರಿ ಊಟ ಮಾಡಲಿಲ್ಲ.

ಆಂಗ್ಲಿಕನ್ನರ ಪದ್ಧತಿಯಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಪ್ರಕಟಣೆ ಓದಬೇಕು. ಇಂಥವರಿಗೂ ಇಂಥವರಿಗೂ ಮದುವೆ, ಯಾರಿಗಾದರೂ ಅಡ್ಡಿ ಗೊತ್ತಿದ್ದರೆ ಈಗಲೇ ಎದ್ದು ನಿಂತು ತಿಳಿಸಿ, ಅಂತ. ಮೊದಲ ಭಾನುವಾರ ಎಲಿಯೇಜರನಿಗೆ ಜ್ವರ ಬಂತು. ಎರಡನೆಯದಕ್ಕೆ ಆಫೀಸಿನ ಕೆಲಸ ಬಂತು. ಮೂರನೆಯದಕ್ಕೆ ಏನೂ ಬರಲಿಲ್ಲವಾದ್ದರಿಂದ ಅವನೇ ಬಂದ.

ಬಂದವನು ವಾರ್ಡನರ ಹಿಂದೆಯೇ ಕೂತ. ಚರ್ಚಿನ ಪಾದ್ರಿ, ವಿಕಾರ್ ಕುರುವಿಳ ಅಚ್ಚನ್, ಕನ್ನಡಕ ಏರಿಸಿಕೊಂಡು ಪ್ರಕಟಣೆ ಓದತೊಡಗಿದರು. "ಈ ಸಭೆಯ ನಿರ್ಮಲ ಸಾಲಿನ್ಸ್" ಅನ್ನುವಲ್ಲಿಗೆ ಎಲಿಯೇಜರನ ಕಿವಿ ಮುಚ್ಚಿಕೊಂಡಿತು, ವಾರ್ಡನರ ತಲೆ ಕಣ್ಣಿಂದ ಮಾಯವಾಯಿತು. ಅವನ ಊರಿನ ಸಭೆಯಲ್ಲಿ ಮದುವೆಯ ಪ್ರಕಟಣೆ ಆದ ಕೂಡಲೆ ಪಾದ್ರಿ ಅಯ್ಯನವರು, ಇವರಿಬ್ಬರಿಗಾಗಿ ಪ್ರಾರ್ಥಿಸೋಣ ಅನ್ನುತ್ತಿದ್ದರು. ಎಲ್ಲರೂ ಎದ್ದು ನಿಲ್ಲುತ್ತಿದ್ದರು. ತಲೆ ಕೈಕೊಟ್ಟಾಗ ಮೊಣಕಾಲು ತನಗೆ ಗೊತ್ತಿದ್ದದ್ದನ್ನು ಮಾಡಿತು. ಎಲಿಯೇಜರ ಎದ್ದು ನಿಂತ, ಕೈ ಜೋಡಿಸಿದ, ಕಣ್ಣು ಮುಚ್ಚಿದ.

ಪ್ರಾರ್ಥನೆ ಶುರುವಾಗಲಿಲ್ಲ. ಅಚ್ಚನ್ ಮೌನವಾಗಿ ಪ್ರಾರ್ಥಿಸುತ್ತಿರಬೇಕು ಅಂತ ಇವನೂ ಮೌನವಾಗಿ, ದೇವರೇ ಅವಳು ಸುಖವಾಗಿರಲಿ, ಅಂತ ಬೇಡಿಕೊಂಡ. ಮನಸ್ಸಿಂದಲೇ ಬೇಡಿದ, ಪಾಪ. ಮೌನ ತೀರಾ ಉದ್ದವಾಯಿತು. ಒಂದು ಕಣ್ಣು ತೆರೆದು ನೋಡಿದರೆ ಇಡೀ ಸಭೆ ಕೂತಿದೆ, ಇಡೀ ಸಭೆ ಅವನನ್ನೇ ನೋಡುತ್ತಿದೆ. ಅಚ್ಚನ್ ಕನ್ನಡಕ ಕೈಯಲ್ಲಿ ಹಿಡಿದು, "ಮಿಸ್ಟರ್ ಕರ್ಕಡ, ನಿಮ್ಮ ಅಡ್ಡಿ ಏನು?" ಅಂತ ಕೇಳಿದರು. ಬಹುಶಃ ಎರಡನೇ ಸಲ.

ಎಲಿಯೇಜರ ಬಾಯಿ ತೆರೆದ. "ಆಮೆನ್," ಅಂದ. ಕೂತ.

ಆರಾಧನೆ ಮುಗಿದದ್ದೇ ವಾರ್ಡನ್ ಜ್ಞಾನಮುತ್ತು ಅವನ ತೋಳು ಹಿಡಿದು ವಿಕಾರರ ಕೋಣೆಗೆ ಕರೆದೊಯ್ದರು. ಹಿಡಿತದಲ್ಲಿ ಹಳೇ ಇಲಾಖೆಯ ಗುರುತಿತ್ತು.

"ಅಚ್ಚನ್, ನನಗೆ ಯಾವ ಅಡ್ಡಿಯೂ ಇಲ್ಲ," ಅಂದ ಎಲಿಯೇಜರ.

"ಹೆದರಬೇಡಿ," ಅಂದರು ಅಚ್ಚನ್ ಮೆತ್ತಗೆ. "ಸತ್ಯಕ್ಕೆ ಇಲ್ಲಿ ಜಾಗ ಇದೆ."

"ಸತ್ಯವೇ ಹೇಳ್ತಾ ಇದ್ದೇನೆ. ನಮ್ಮೂರಲ್ಲಿ ನಿಂತು ಪ್ರಾರ್ಥನೆ ಮಾಡುವುದು."

ವಾರ್ಡನ್ ನಕ್ಕರು. "ಹೋದ ತಿಂಗಳು ನೀವು ಕೊಚ್ಚಿಗೆ ಹೋಗಿ ಹುಡುಗನ ವಿಚಾರ ಮಾಡಿ ಬಂದಿರಿ. ಇವತ್ತು ಅವನ ಹೆಸರು ಓದುವಾಗ ಎದ್ದು ನಿಂತಿರಿ. ನಾನು ಮೂವತ್ತು ವರ್ಷ ಖಾಕಿ ಹಾಕಿದವನು, ಕರ್ಕಡ. ಅಲ್ಲಿ ಏನು ನೋಡಿದಿರಿ?"

"ಕಾರ್ಖಾನೆ ನೋಡಿದೆ."

"ಕಾರ್ಖಾನೆಯ ಆಚೆ?"

"ಹೊಳೆ."

ವಾರ್ಡನ್ ಅಚ್ಚನ್ನರ ಕಡೆ ತಿರುಗಿ, ಮನುಷ್ಯ ತುಂಬ ಹೆದರಿದ್ದಾನೆ ಅಂದರು. ಅಚ್ಚನ್ ಯೋಚನೆ ಮಾಡಿ ತೀರ್ಪು ಕೊಟ್ಟರು. ಅಡ್ಡಿ ಬಂದದ್ದು ಸಭೆಯ ಮುಂದೆ, ಆದ್ದರಿಂದ ಸಂಜೆಯ ಆರಾಧನೆಯಲ್ಲಿ ಸಭೆಯ ಮುಂದೆಯೇ ಕರ್ಕಡ ಮನಸ್ಸಿನಲ್ಲಿದ್ದದ್ದನ್ನು ಹೇಳಬೇಕು. ಅಲ್ಲಿಯವರೆಗೆ ಗುರುವಾರದ ಮದುವೆ ಇದೆ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ.

ಹೊರಗೆ ಮಾವಿನ ಮರದ ಕೆಳಗೆ ಆಗಲೇ ಮೋಹನನಿಗೆ ಕಳಮಶ್ಶೇರಿಯಲ್ಲಿ ಹೆಂಡತಿ ಇದ್ದಳು. ಚಹಾ ಎರಡನೇ ಸುತ್ತಿಗೆ ಬರುವಾಗ ಮಕ್ಕಳೂ ಆದವು. ಯಾವತ್ತೂ ಮಾತಾಡಿಸದವರು ಬಂದು ಎಲಿಯೇಜರನ ಕೈ ಕುಲುಕಿದರು. ಅಚ್ಚನ್ನರ ಹೆಂಡತಿ ಅನ್ನಮ್ಮ, ಎಲ್ಲರ ಬಾಯಲ್ಲೂ ಕೊಚ್ಚಮ್ಮ, ಅವನ ತಟ್ಟೆಗೆ ಇನ್ನೊಂದು ಪಳಂಪೊರಿ ಹಾಕಿ, ಸ್ವಂತ ಮಗನನ್ನು ಕರೆಯುವ ಹಾಗೆ, "ತಿನ್ನು ಮೋನೇ. ಒಬ್ಬ ಹುಡುಗಿಯ ಜೀವನ ಉಳಿಸಿದೆ," ಅಂದರು.

"ಕೊಚ್ಚಮ್ಮ, ಆ ಹುಡುಗ ಒಳ್ಳೆಯವನು. ಹೆಂಡತಿಯೂ ಇಲ್ಲ, ಎಂತದೂ ಇಲ್ಲ."

"ನೋಡಿ, ಎಷ್ಟು ದೊಡ್ಡ ಮನಸ್ಸು. ಈಗಲೂ ಅವನ ಮಾನ ಕಾಪಾಡ್ತಾನೆ," ಅಂತ ಕೊಚ್ಚಮ್ಮ ಪಕ್ಕದವರಿಗೆ ಹೇಳಿದರು. ಅಲ್ಲ ಅಂದಷ್ಟೂ ಹೌದಾಗುತ್ತಾ ಹೋಯಿತು.

ಅಷ್ಟರಲ್ಲಿ ಸಾಲಿನ್ಸರು ಕೋಲೂರಿಕೊಂಡು ಬಂದರು. ಮುಖ ಬಿಳಿಚಿಕೊಂಡಿತ್ತು. "ಎಂತ ಮಾರಾಯ್ರೆ ಇದು? ಚಿನ್ನದಂಥ ಹುಡುಗ ಅಂತ ನೀವೇ ಹೇಳಿದ್ದಲ್ವಾ? ಕಾರ್ಡು ಹಂಚಿ ಆಯ್ತು, ಸೀರೆ ತಂದು ಆಯ್ತು. ಮಗಳು ಕೋಣೆಯ ಬಾಗಿಲು ಹಾಕಿಕೊಂಡವಳು ತೆಗೆಯುವುದೇ ಇಲ್ಲ."

ಎಲಿಯೇಜರ ಊರಿನ ಪದ್ಧತಿ ಮೊದಲಿಂದ ವಿವರಿಸಿದ. ಸಾಲಿನ್ಸರು ಊರು ಬಿಟ್ಟು ಯಾವ ಕಾಲವಾಯಿತೋ. ಆದರೂ ನೆನಪು ಮಾಡಿಕೊಂಡು, "ಹೌದಪ್ಪ, ನಮ್ಮಲ್ಲಿ ನಿಲ್ಲುವುದೇ," ಅಂದರು. "ನಾನು ನಂಬ್ತೇನೆ. ಆದರೆ ನಾನೊಬ್ಬ ನಂಬಿ ಎಂತ ಆಗ್ಬೇಕು?"

ಮದುವೆಯ ಸಿದ್ಧತೆಗೆಂದು ಬೆಳಿಗ್ಗೆಯೇ ಹೊರಟಿದ್ದ ಮೋಹನ ಮಧ್ಯಾಹ್ನದ ಗಾಡಿಗೆ ಬಂದಿಳಿದ. ಚರ್ಚಿನ ನಾಲ್ಕು ಜನ ಸ್ಟೇಷನ್ನಿಗೇ ಹೋಗಿ ಅವನ ಹೆಂಡತಿ ಮಕ್ಕಳ ಕ್ಷೇಮ ವಿಚಾರಿಸಿದ್ದರಂತೆ. ಆದರೂ ಅವನು ಸಿಟ್ಟಾಗದೆ ಸಾಲಿನ್ಸರ ಮನೆಗೆ ಬಂದು, ನಿರ್ಮಲಳ ಹತ್ತಿರ ಒಮ್ಮೆ ಮಾತಾಡಬೇಕು ಅಂದ. ಬಾಗಿಲು ತೆರೆಯಿತು. ಹಿಂದಿನ ಜಗಲಿಯಲ್ಲಿ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಮುಂದಿನ ಜಗಲಿಯಲ್ಲಿ ಎಲಿಯೇಜರ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದ. ಅವಳು ಅಳುತ್ತಿರಬಹುದು ಅಂದುಕೊಂಡ. ಅವಳನ್ನು ಸುಖವಾಗಿಡು ಅಂತ ಬೇಡುತ್ತಲೇ ಅವಳ ಮದುವೆಗೆ ಕಲ್ಲು ಹಾಕಿದೆನಲ್ಲ ಅನ್ನಿಸಿತು.

ಮೋಹನ ಹೊರಗೆ ಬಂದಾಗ ಅವನ ಮುಖ ಬಾಡಿತ್ತು. ಎಲಿಯೇಜರನ ಎದುರು ನಿಂತು ನಿಧಾನಕ್ಕೆ ಹೇಳಿದ: "ಕರ್ಕಡರೆ, ಸಂಜೆ ನಿಮ್ಮ ಮನಸ್ಸಲ್ಲಿ ಏನುಂಟೋ ಅದನ್ನೇ ಹೇಳಿ. ಯಾರಿಗೂ ಹೆದರಬೇಡಿ. ಏನು ಹೇಳಿದರೂ ನಾನು ಬೇಸರ ಮಾಡುವುದಿಲ್ಲ."

ಇಷ್ಟು ಹೇಳಿ ತೋಟದ ಕಡೆ ಹೋಗಿ ಒಬ್ಬನೇ ನಿಂತ. ಗೇಟಿನ ಹತ್ತಿರ ಕಾವಲಿಗೆ ನಿಂತಿದ್ದ ವಾರ್ಡನ್ ಎಲಿಯೇಜರನ ಕಿವಿಯಲ್ಲಿ, "ಬೇಸರ ಮಾಡುವುದಿಲ್ಲ ಅಂದರೆ ಕೈ ಮಾಡ್ತಾನೆ ಅಂತ ಅರ್ಥ. ನನ್ನ ಸರ್ವಿಸಿನಲ್ಲಿ ಎಷ್ಟೋ ಕೇಸು ನೋಡಿದ್ದೇನೆ," ಅಂದರು.

ಕೋಣೆಗೆ ಬಂದು ಎಲಿಯೇಜರ ಹಾಸಿಗೆಯ ಮೇಲೆ ಬಿದ್ದುಕೊಂಡ. ಅದೇ ಕೋಣೆಯ ಇನ್ನೊಂದು ಹಾಸಿಗೆಯ ಯಜಮಾನ ಉಪೇಂದ್ರ, ಕಾಸರಗೋಡಿನವನು, ವಕೀಲರೊಬ್ಬರ ಕೈಕೆಳಗೆ ಜೂನಿಯರು. ಎಲ್ಲ ಕೇಳಿ ಮುಗಿಸಿ, ಅಂಗಿಯ ಗುಂಡಿ ಹೊಲಿಯುವುದನ್ನು ನಿಲ್ಲಿಸಿ ಕೇಳಿದ.

"ಒಂದು ಮಾತು ಕೇಳ್ತೇನೆ, ಸಿಟ್ಟು ಮಾಡ್ಬೇಡ. ನಿನಗೆ ಆ ಹುಡುಗಿಯ ಮೇಲೆ ಮನಸ್ಸುಂಟು ಅಲ್ವಾ?"

ಎಲಿಯೇಜರ ಮಾಡಿನ ಹಂಚು ನೋಡಿದ.

"ಗೊತ್ತಿತ್ತು. ಭಾನುವಾರ ಮಾತ್ರ ಅಂಗಿಗೆ ಇಸ್ತ್ರಿ ಹಾಕುವವನು ನೀನು. ಹಾಗಾದ್ರೆ ತಪ್ಪಿ ಎದ್ದದ್ದೇ ಒಳ್ಳೇದಾಯ್ತು. ಸಂಜೆ ಹೇಳಿಬಿಡು, ನನಗೆ ಇವಳು ಬೇಕು ಅಂತ."

"ಮದುವೆಗೆ ನಾಲ್ಕು ದಿನ ಇರುವಾಗ? ಅವಳ ಮಾನ ಎಂತ ಆದೀತು ಮಾರಾಯ? ಅವಳಿಗೆ ನನ್ನ ಮೇಲೆ ಏನಾದ್ರೂ ಉಂಟು ಅಂತ ಯಾರು ಹೇಳಿದ್ದು?"

"ಇಲ್ಲ ಅಂತ ಯಾರು ಹೇಳಿದ್ದು? ಕೇಳಿದ್ದೀಯಾ?"

ಎಲಿಯೇಜರ ಗೋಡೆಯ ಕಡೆ ಹೊರಳಿದ. ಆಗಲೇ ಕಿಟಕಿಯಲ್ಲಿ ಕೊಚ್ಚಮ್ಮನ ಮುಖ ಕಾಣಿಸಿತು. ಪಾತ್ರೆಯಲ್ಲಿ ಪಾಯಸ ತಂದಿದ್ದರು, ಜೊತೆಗೆ ಹೊಸ ಸುದ್ದಿಯನ್ನೂ. ಹುಡುಗನದ್ದು ಏನೂ ತಪ್ಪಿಲ್ಲವೆಂದು ಈಗ ಎಲ್ಲರಿಗೂ ಗೊತ್ತಾಯಿತಂತೆ. ಹಾಗಾದರೆ ಕರ್ಕಡ ಯಾಕೆ ಎದ್ದ? ಹುಡುಗಿಗೂ ಇವನಿಗೂ ಮೊದಲಿಂದ ಏನೋ ಇರಬೇಕು. ಇಲ್ಲದಿದ್ದರೆ ಪ್ರತಿ ಭಾನುವಾರ ಅಲ್ಲಿ ಊಟ ಯಾಕೆ? "ನಾನು ಹೇಳುವುದಲ್ಲ ಮೋನೇ, ಜನ ಹೇಳುವುದು," ಅಂತ ಪಾಯಸ ಇಟ್ಟು ಹೋದರು.

ಎಲಿಯೇಜರ ಎದ್ದು ಕೂತ. "ಉಪೇಂದ್ರ, ಈಗ ಅವಳ ಹೆಸರಿಗೇ ಮಸಿ ಬಂತಲ್ಲ."

"ಹಾಗಾದ್ರೆ ಎರಡೇ ದಾರಿ," ಅಂದ ಉಪೇಂದ್ರ. "ಬೇಕು ಅನ್ನು. ಇಲ್ಲದಿದ್ದರೆ ತಂಗಿ ಅನ್ನು. ತಂಗಿ ಅಂದರೆ ಲೋಕದ ಬಾಯಿ ಮುಚ್ತದೆ, ಆದರೆ ನಿನ್ನದೂ ಮುಚ್ತದೆ. ನಡುವೆ ನಿಂತು ತಡವರಿಸಬೇಡ ಅಷ್ಟೆ."

ಸಂಜೆ ಚರ್ಚಿನಲ್ಲಿ ಕಾಲಿಡಲು ಜಾಗವಿಲ್ಲ. ಈಸ್ಟರಿಗೂ ಬಾರದವರು ಬಂದಿದ್ದರು. ಎದುರಿನ ಬೆಂಚಿನಲ್ಲಿ ಸಾಲಿನ್ಸರು, ಪಕ್ಕದಲ್ಲಿ ನಿರ್ಮಲ, ಅವಳ ಆಚೆ ಸ್ವಲ್ಪ ದೂರ ಬಿಟ್ಟು ಮೋಹನ. ನಿರ್ಮಲ ತಲೆಯೆತ್ತಿ ನೇರವಾಗಿ ಎಲಿಯೇಜರನ ಮುಖವನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ಅವನು ನಾಚಿಕೆಯಿಂದ ಕುಗ್ಗಿಹೋದ. ಎಷ್ಟು ಸಿಟ್ಟಿದ್ದರೆ ಹೀಗೆ ನೋಡಬೇಕು ಅಂದುಕೊಂಡ.

ವಾರ್ಡನ್ ಅವನನ್ನು ಓದುವ ಪೀಠಕ್ಕೆ ಹತ್ತಿಸಿ, ಕೈಯನ್ನು ಬೈಬಲ್ಲಿನ ಮೇಲೆ ತಾವೇ ಇಟ್ಟರು. ಹುಟ್ಟಿದಾಗಿನಿಂದ ನಾಲ್ಕು ಜನರ ಮುಂದೆ ಬಾಯಿ ತೆರೆಯದವನು ಎಲಿಯೇಜರ. ಆದರೆ ಅವತ್ತು ಅವಳ ಹೆಸರು ಉಳಿಯಬೇಕು ಅನ್ನುವ ಒಂದೇ ಹಟಕ್ಕೆ ಮಾತು ತಾನಾಗಿ ಬಂತು. ಊರಿನ ಪದ್ಧತಿ ಹೇಳಿದ, ಜನ ನಕ್ಕರು. ಮೋಹನನ ಗುಣ ಹೇಳಿದ, ಜನ ತಲೆದೂಗಿದರು. ಆಮೇಲೆ ಉಸಿರು ಎಳೆದುಕೊಂಡು, "ನಿರ್ಮಲ ನನಗೆ ತಂಗಿ ಇದ್ದ ಹಾಗೆ. ಬೇರೆ ಯಾವ ಯೋಚನೆಯೂ ನನ್ನ ಮನಸ್ಸಿಗೆ ಒಂದು ದಿನವೂ ಬಂದಿಲ್ಲ. ದೇವರ ಎದುರು ಹೇಳ್ತೇನೆ," ಅಂದ. ಬೈಬಲ್ಲಿನ ಮೇಲೆ ಕೈಯಿಟ್ಟು ಅವನು ಹೇಳಿದ ಮೊದಲ ಸುಳ್ಳು ಅದು. ಅಷ್ಟು ಚೆನ್ನಾಗಿ ಹೇಳಿದ ಸುಳ್ಳೂ ಮೊದಲನೆಯದೇ.

ಚರ್ಚು ನಿಟ್ಟುಸಿರು ಬಿಟ್ಟಿತು. ಕೊಚ್ಚಮ್ಮ ಕಣ್ಣು ಒರೆಸಿಕೊಂಡರು. ಮೋಹನ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ಕೂತ. ನಿರ್ಮಲ ಮಾತ್ರ ತಲೆ ತಗ್ಗಿಸಿದಳು.

ಆರಾಧನೆ ಮುಗಿದ ಮೇಲೆ ಸಾಲಿನ್ಸರು ಎಲಿಯೇಜರನನ್ನು ಬಾಚಿ ತಬ್ಬಿಕೊಂಡರು. "ನನಗೆ ಗಂಡುಮಕ್ಕಳಿಲ್ಲ ಅಂತ ಬೇಜಾರಿತ್ತು, ಅದೂ ಹೋಯ್ತು. ಒಂದು ಉಪಕಾರ ಮಾಡ್ಬೇಕು ನೀವು. ನನಗೆ ಕಾಲು ನಿಲ್ಲುವುದಿಲ್ಲ. ಗುರುವಾರ ಮಗಳನ್ನು ಕೈ ಹಿಡಿದು ಒಳಗೆ ಕರ್ಕೊಂಡು ಹೋಗಿ ಒಪ್ಪಿಸುವುದು ನೀವೇ, ಅಣ್ಣನ ಸ್ಥಾನದಲ್ಲಿ." ಸುತ್ತ ನಿಂತವರೆಲ್ಲ ಬಹಳ ಚಂದ, ಬಹಳ ಚಂದ ಅಂದರು. ಆಗುವುದಿಲ್ಲ ಅನ್ನುವ ಶಕ್ತಿ ಎಲಿಯೇಜರನಲ್ಲಿ ಉಳಿದಿರಲಿಲ್ಲ.

ಮೋಹನ ರಾತ್ರಿಯ ಗಾಡಿಗೆ ಕೊಚ್ಚಿಗೆ ಹಿಂದೆ ಹೋಗಬೇಕಿತ್ತು. ಹಾಗಾಗಿ ಮದುವೆಯ ದಿನ ಯಾರು ಎಲ್ಲಿ ನಿಲ್ಲಬೇಕು, ಹೇಗೆ ನಡೆಯಬೇಕು ಅಂತ ಈಗಲೇ ಒಮ್ಮೆ ಅಭ್ಯಾಸ ಮಾಡಿಬಿಡೋಣ ಅಂದರು ಅಚ್ಚನ್. ಮೋಹನ ಹೋಗಿ ಎದುರಿಗೆ ಅಚ್ಚನ್ನರ ಹತ್ತಿರ ನಿಂತ. ಎಲಿಯೇಜರ ಮತ್ತು ನಿರ್ಮಲ ಬಾಗಿಲಲ್ಲಿ. ಅವಳು ಅವನ ತೋಳಿನೊಳಗೆ ಕೈ ಸೇರಿಸಿದಳು. ಇಷ್ಟು ವರ್ಷಗಳಲ್ಲಿ ಅವಳ ಕೈ ಅವನಿಗೆ ತಾಗಿದ್ದು ಅದೇ ಮೊದಲು. ಆರ್ಗನ್ ಶುರುವಾಯಿತು.

"ಸಿಟ್ಟು ಮಾಡ್ಬೇಡಿ ನಿರ್ಮಲ," ಅಂದ ಎಲಿಯೇಜರ ಮೆಲ್ಲಗೆ. "ನಿಮ್ಮ ಮದುವೆಗೆ ನನ್ನಿಂದ ತೊಂದರೆ ಆಗ್ತಿತ್ತು. ಹೇಗೋ ಸರಿಯಾಯ್ತು."

"ನನಗೆ ಸಿಟ್ಟಿಲ್ಲ," ಅಂದಳು ಅವಳು. ನಡೆಯುತ್ತಲೇ, ಎದುರು ನೋಡುತ್ತಲೇ ಹೇಳಿದಳು. "ಬೆಳಿಗ್ಗೆ ನೀವು ಎದ್ದು ನಿಂತಾಗ ನನಗೆ ಎಷ್ಟು ಸಂತೋಷ ಆಯ್ತು ಗೊತ್ತುಂಟಾ? ಕೊನೆಗೂ ಎದ್ದರಲ್ಲ ಅಂತ ಮನೆಗೆ ಓಡಿಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮಧ್ಯಾಹ್ನ ಮೋಹನರಿಗೆ ಎಲ್ಲ ಹೇಳಿದೆ. ಕರ್ಕಡರು ಬಾಯಿ ಬಿಟ್ಟು ಕೇಳಿದರೆ ನಾನು ಅವರನ್ನೇ ಮದುವೆ ಆಗುವುದು ಅಂತ. ಅವರಿಗೆ ನೋವಾಯ್ತು, ಆದರೂ ಒಪ್ಪಿದರು. ನಿಮಗೆ ಧೈರ್ಯ ಬರಲಿ ಅಂತ ಅವರೇ ಬಂದು ಹೇಳಿಯೂ ಹೋದರು."

ಎಲಿಯೇಜರನ ಕಾಲು ನಿಂತಿತು. ಕೊಚ್ಚಮ್ಮ ಬದಿಯಿಂದ, ನಿಲ್ಲಬಾರದು, ನಡೆಯಬೇಕು ಅಂತ ಸನ್ನೆ ಮಾಡಿದರು. ನಿರ್ಮಲ ಅವನನ್ನು ಮೆತ್ತಗೆ ಮುಂದಕ್ಕೆ ನಡೆಸಿದಳು.

"ನಿರ್ಮಲ, ನಾನು ಹೇಳಿದ್ದು ಸುಳ್ಳು," ಅಂದ ಅವನು. "ಎಲ್ಲ ಸುಳ್ಳು. ಈಗ ಹೇಳ್ತೇನೆ ಎಲ್ಲರ ಎದುರು."

"ಬೇಡ. ನಿಮ್ಮ ಮಾತು ಮುಗಿದ ಮೇಲೆ ಮೋಹನರು ಹೇಗೆ ಅತ್ತರು ಅಂತ ನಾನು ಪಕ್ಕದಲ್ಲೇ ಕೂತು ನೋಡಿದೆ. ಒಂದು ದಿನದಲ್ಲಿ ಎರಡು ಸಲ ನನ್ನನ್ನು ಬಿಟ್ಟುಕೊಡಿ ಅಂತ ಹೇಳುವ ಮುಖ ನನಗಿಲ್ಲ. ಒಳ್ಳೆಯವರು ಅವರು. ನೀವೇ ನೋಡಿ ಬಂದು ಹೇಳಿದ್ದಲ್ಲ?"

ಅಷ್ಟರಲ್ಲಿ ಎದುರಿಗೆ ತಲುಪಿ ಆಗಿತ್ತು. ಆರ್ಗನ್ ನಿಂತಿತು. ಮೋಹನ ಎಲಿಯೇಜರನ ಕಡೆ ತುಂಬ ಕೃತಜ್ಞತೆಯಿಂದ ನೋಡಿದ. ಅಚ್ಚನ್ ಕನ್ನಡಕ ಏರಿಸಿಕೊಂಡು ಕೇಳಿದರು: "ಈ ಹೆಣ್ಣನ್ನು ಈ ಗಂಡಿಗೆ ಕೊಡುವವರು ಯಾರು?"

ಎಲ್ಲರೂ ಅವನನ್ನೇ ನೋಡಿದರು. ಏನು ಹೇಳಬೇಕು ಅಂತ ಅವನಿಗೆ ಈ ಸಲ ಸ್ಪಷ್ಟವಾಗಿ ಗೊತ್ತಿತ್ತು.

"ನಾನು," ಅಂದ ಎಲಿಯೇಜರ.

ಕೊನೆಯ ಬೆಂಚಿನವರೆಗೂ ಚೆನ್ನಾಗಿ ಕೇಳಿಸಿತು, ಗುರುವಾರವೂ ಹೀಗೇ ಹೇಳಬೇಕು ಅಂತ ಕೊಚ್ಚಮ್ಮ ಆಮೇಲೆ ಅವನ ಬೆನ್ನು ತಟ್ಟಿದರು.